ತಾಯಿಗಣಿಯ ಫ್ಯಾನುಗಳು ನಿಂತ ದಿನ

ಶಹಾಬಾದ್, ಏಳನೆಯ ತಂಪುಗಣಿ
ಇಸವಿ ೨೧೮೭, ಮೇ ತಿಂಗಳ ನಲವತ್ತೊಂದನೆಯ ದಿನ

ಎಂದೋ ಬದುಕಿ ಹೋದ ಹಿರಿಯರಿಗೆ ಜಗದೇವಿ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಕೈತಪ್ಪು ಎಂದುಕೊಳ್ಳಬೇಡಿ. ಮೊದಲ ಮಳೆ ಬೀಳುವವರೆಗೆ ನಮ್ಮಲ್ಲಿ ಜೂನ್ ಶುರುವಾಗುವುದಿಲ್ಲ. ಮೇ ತಿಂಗಳನ್ನೇ ಎಣಿಸುತ್ತಾ ಹೋಗುತ್ತೇವೆ. ನಾನು ಚಿಕ್ಕವಳಿದ್ದಾಗ ಒಂದು ವರ್ಷ ಎಪ್ಪತ್ತಾರರವರೆಗೆ ಎಣಿಸಿದ್ದೆವು. ನನ್ನ ಮಾತಿನಲ್ಲಿ ನಿಮಗೆ ಗೊತ್ತಿಲ್ಲದ ಪದಗಳು ಬಂದರೆ ಕ್ಷಮಿಸಬೇಕು. ಈ ಕಾಗದ ಹಿಂದಕ್ಕೆ ನಿಮ್ಮವರೆಗೆ ಬರುತ್ತದೆಯೋ ಇಲ್ಲವೋ ನನಗೆ ತಿಳಿಯದು. ಆದರೂ ಮೊನ್ನೆ ನಡೆದದ್ದನ್ನು ಯಾರಿಗಾದರೂ ಹೇಳದೆ ನನಗೆ ನಿದ್ದೆ ಹತ್ತುತ್ತಿಲ್ಲ.

ನಿಮ್ಮ ಮನೆಗಳ ನೆಲಕ್ಕೆ ಫರಸಿ ಕಲ್ಲು ಕಡಿದು ಒಯ್ದ ಗುಂಡಿಗಳಲ್ಲಿ ನಾವು ಬದುಕುತ್ತಿದ್ದೇವೆ. ಅವುಗಳ ಮೇಲೆ ಅದೇ ಕಲ್ಲಿನ ಚಪ್ಪಡಿ ಹೊದಿಸಿ, ಮಣ್ಣು ಮುಚ್ಚಿದ್ದೇವೆ. ಅದನ್ನೇ ತಂಪುಗಣಿ ಅನ್ನುತ್ತೇವೆ. ಬೆಳಿಗ್ಗೆ ಹತ್ತಕ್ಕೆ ಕಾವುಗಂಟೆ ಹೊಡೆಯುತ್ತದೆ. ಆಮೇಲೆ ಸಂಜೆ ಐದರವರೆಗೆ ಹೊರಬಾಗಿಲು ತೆರೆಯುವಂತಿಲ್ಲ. ಹೊರಗಿನ ಗಾಳಿ ಒಲೆಯ ಬಾಯಿಂದ ಬಂದ ಹಾಗಿರುತ್ತದೆ. ಆ ಏಳು ತಾಸಿನಲ್ಲಿ ರೊಟ್ಟಿ ಬಡಿಯುತ್ತೇವೆ, ಮಕ್ಕಳಿಗೆ ಓದಿಸುತ್ತೇವೆ, ಹಾಸಿಗೆ ಹೊಲಿಯುತ್ತೇವೆ, ಜಗಳವನ್ನೂ ಆಡುತ್ತೇವೆ. ನಮ್ಮ ಗಣಿಯಿಂದ ಇನ್ನೂರು ಹೆಜ್ಜೆ ಬಯಲು ದಾಟಿದರೆ ಇನ್ನೂ ಆಳವಾದ ಒಂದು ಗಣಿ ಇದೆ. ಬಾಣಂತಿಯರನ್ನೂ ತೀರಾ ವಯಸ್ಸಾದವರನ್ನೂ ಅಲ್ಲಿ ಇಡುತ್ತೇವೆ. ಅದಕ್ಕೆ ತಾಯಿಗಣಿ ಎಂದು ಹೆಸರು. ಮೊನ್ನೆ ಅಲ್ಲಿ ಮೂವತ್ತೊಂದು ಜನರಿದ್ದರು. ನನ್ನ ತಂಗಿ ಕಸ್ತೂರಿಯೂ ಹನ್ನೆರಡು ದಿನದ ಅವಳ ಕೂಸೂ ಅವರಲ್ಲಿ ಸೇರಿದ್ದರು.

ತಾಯಿಗಣಿಗೆ ಗಾಳಿ ಕೊಡುವುದು ಆರು ಫ್ಯಾನುಗಳು. ನೆಲದಡಿಯ ಸುರಂಗದಿಂದ ತಣ್ಣನೆಯ ಗಾಳಿ ಎಳೆದು ಒಳಗೆ ಬಿಡುತ್ತವೆ. ಅವಕ್ಕೆ ಅಪ್ಪಣೆ ಹೋಗುವುದು ನಮ್ಮ ಗಣಿಯಲ್ಲಿರುವ ಮೇಟಿಯಿಂದ. ಎಲ್ಲ ಯಂತ್ರಗಳನ್ನು ನಡೆಸುವ ದೊಡ್ಡ ಯಂತ್ರವನ್ನು ನಾವು ಹಾಗೆ ಕರೆಯುತ್ತೇವೆ. ತಾಸಿಗೊಂದು ಅಪ್ಪಣೆ ಹೋಗಬೇಕು. ಎರಡು ಸಲ ಅಪ್ಪಣೆ ತಲುಪದಿದ್ದರೆ ಬ್ಯಾಟರಿ ಉಳಿಸಲು ಫ್ಯಾನುಗಳು ತಾವಾಗಿಯೇ ನಿಲ್ಲುತ್ತವೆ; ಮತ್ತೆ ಅಪ್ಪಣೆ ಬರುವವರೆಗೆ ಸ್ವಿಚ್ ಹಾಕಿದರೂ ತಿರುಗುವುದಿಲ್ಲ. ತಾಯಿಗಣಿಯ ಗೋಡೆ ದಪ್ಪ, ನಮ್ಮ ವೈಫೈ ಅಲ್ಲಿಗೆ ಮುಟ್ಟುವುದಿಲ್ಲ. ಹಾಗಾಗಿ ನೆಲದಡಿಯಲ್ಲಿ ಒಂದು ಕೇಬಲ್ ಎಳೆದು, ಅದರ ಆ ತುದಿಗೆ ವೈಫೈ ಹರಡುವ ಒಂದು ಡಬ್ಬಿ ಇಟ್ಟಿದ್ದೇವೆ. ಈ ತಂತಿ, ಡಬ್ಬಿಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ.

ಮೇ ಮೂವತ್ತೊಂಬತ್ತರ ಬೆಳಿಗ್ಗೆ ಆ ಡಬ್ಬಿ ಸುಟ್ಟುಹೋಯಿತು. ಉಗ್ರಾಣದಲ್ಲಿ ನಿಮ್ಮ ಕಾಲದ ಮನೆಯ ರೂಟರ್ ಒಂದಿತ್ತು. ಒಳಗಿನ ಭಾಗಗಳನ್ನು ಎಷ್ಟೋ ಸಲ ಬದಲಾಯಿಸಿ, ಬಳಸುತ್ತಾ ಬಂದದ್ದು. ಅದನ್ನೇ ಒಯ್ದೆ. ನಿಮಗೆ ಗೊತ್ತಿರುವಂತೆ, ಮನೆಯಲ್ಲಿ ರೂಟರ್ ಯಜಮಾನನ ಹಾಗೆ ಇರುತ್ತದೆ. ಒಳಗಿನ ಸಾಧನಗಳಿಗೆಲ್ಲ ತಾನೇ ವಿಳಾಸ ಹಂಚುತ್ತದೆ. ಒಳಗಿನಿಂದ ಹೊರಗೆ ಹೋಗುವ ಮಾತನ್ನು ಬಿಡುತ್ತದೆ, ಹೊರಗಿನಿಂದ ಕರೆಯದೆ ಬಂದದ್ದನ್ನು ಬಾಗಿಲಲ್ಲೇ ತಡೆಯುತ್ತದೆ. ನಮಗೆ ಬೇಕಾಗಿದ್ದದ್ದು ಬರೀ ವೈಫೈ ಹರಡುವ ಆಳು. ಹಾಗಾಗಬೇಕಾದರೆ ಅದು ವಿಳಾಸ ಹಂಚುವುದನ್ನು ನಿಲ್ಲಿಸಬೇಕು, ಅದಕ್ಕೆ ಮೇಟಿ ಹಂಚುವ ನಮ್ಮ ವಿಳಾಸಗಳ ಸಾಲಿನಲ್ಲೇ ಬೇರೆ ಯಾರಿಗೂ ಇಲ್ಲದ ಒಂದು ವಿಳಾಸ ಕೊಡಬೇಕು, ಕೇಬಲನ್ನು ಒಂಟಿಯಾಗಿರುವ ನೀಲಿ ತೂತಿಗೆ ಹಾಕದೆ ನಾಲ್ಕು ಹಳದಿ ತೂತುಗಳಲ್ಲಿ ಒಂದಕ್ಕೆ ಹಾಕಬೇಕು. ಇದೆಲ್ಲ ನನಗೆ ಗೊತ್ತಿತ್ತು. ಆದರೆ ಕಾವುಗಂಟೆಗೆ ಹತ್ತೇ ನಿಮಿಷ ಉಳಿದಿತ್ತು. ನೀಲಿ ತೂತಿಗೆ ಕೇಬಲ್ ಚುಚ್ಚಿ ಓಡಿಬಂದೆ. ನಮ್ಮ ಗಣಿ ಸೇರಿದ ಮೇಲೆ ಕಸ್ತೂರಿ ಮಾತುಹಲಗೆಯಿಂದ, ಅಂದರೆ ವೈಫೈ ಮೇಲೆ ಮಾತಾಡುವ ನಮ್ಮ ಫೋನಿನಿಂದ, ಕರೆ ಮಾಡಿದಳು. ದನಿ ಪಕ್ಕದಲ್ಲೇ ಕೂತವಳಷ್ಟು ಸ್ಪಷ್ಟವಾಗಿತ್ತು. ಸಾಕು ಎಂದುಕೊಂಡು ಹಿಟ್ಟು ನಾದಲು ಕೂತೆ. ಮೇಟಿಯ ಪರದೆಯ ಮೇಲೆ ಆರು ಚುಕ್ಕೆಗಳು ಕೆಂಪಾಗಿದ್ದವಂತೆ. ನಾನು ನೋಡಲಿಲ್ಲ.

ಹನ್ನೆರಡು ದಾಟಿದ ಮೇಲೆ ಕಸ್ತೂರಿ ಮತ್ತೆ ಕರೆದಳು.

"ಅಕ್ಕಾ, ಫ್ಯಾನ್ ನಿಂತಾವ. ಆರೂ ನಿಂತಾವ."

"ಯಾವಾಗ?"

"ಈಗೇ. ಗಾಳಿ ಬರವಲ್ದು. ಇಷ್ಟು ಮಂದಿ ಉಸಿರಿಗೇ ಕಾವು ಏರ್ಲಾಕತ್ಯದ."

ಮೇಟಿಯಿಂದ ಅಪ್ಪಣೆ ಕಳಿಸಿದೆ. ಹೋಗಲಿಲ್ಲ. ಮತ್ತೆ ಕಳಿಸಿದೆ. ಫ್ಯಾನುಗಳೇ ಕೆಟ್ಟವೇನೋ ಎಂದುಕೊಂಡೆ, ಆರೂ ಒಟ್ಟಿಗೆ ಕೆಡುವುದುಂಟೇ? ಕೇಬಲ್ ತುಂಡಾಗಿದೆಯೇನೋ ಎಂದು ಅದರ ಈ ತುದಿಯನ್ನು ಒತ್ತಿ ಒತ್ತಿ ನೋಡಿದೆ. ಇಪ್ಪತ್ತು ನಿಮಿಷ ಹೀಗೆ ಹಾಳಾದವು. ಅಷ್ಟೂ ಹೊತ್ತು ಹಲಗೆಯಿಂದ ಕೂಸಿನ ಅಳು ಕೇಳುತ್ತಲೇ ಇತ್ತು. ಕೇಬಲ್ ತುಂಡಾಗಿದ್ದರೆ ಆ ಅಳು ನನಗೆ ಹೇಗೆ ಕೇಳಬೇಕು ಎಂದು ಆಗ ಹೊಳೆಯಿತು. ಅವರ ಮಾತು ಹೊರಗೆ ಬರುತ್ತಿತ್ತು, ನಮ್ಮ ಅಪ್ಪಣೆ ಒಳಗೆ ಹೋಗುತ್ತಿರಲಿಲ್ಲ. ಡಬ್ಬಿ ಇನ್ನೂ ಯಜಮಾನನಾಗಿಯೇ ಕೂತಿತ್ತು.

ಸರಿಮಾಡಬೇಕಾದವಳು ಕಸ್ತೂರಿ. ಕೇಬಲ್ ಕಿತ್ತ ಕ್ಷಣವೇ ಮಾತು ನಿಂತುಹೋಗುತ್ತದೆ, ಮಧ್ಯದಲ್ಲಿ ಕೇಳಿದರೆ ಹೇಳಲು ನಾನಿರುವುದಿಲ್ಲ. ಆದ್ದರಿಂದ ಎಲ್ಲವನ್ನೂ ಮೊದಲೇ ಹೇಳಿದೆ. ಅವಳು ತಿರುಗಿ ಒಪ್ಪಿಸಿದಳು. ಒಂದು ಸಲ ತಪ್ಪಿದಳು, ಮತ್ತೆ ಹೇಳಿಸಿದೆ.

"ಮೊದ್ಲ ಹಲಗಿ ಮ್ಯಾಲಿಂದ ಡಬ್ಬಿ ವಿಳಾಸ ಹಂಚೂದು ಬಂದ್ ಮಾಡ್ತೀನಿ. ಆಮ್ಯಾಲ ಡಬ್ಬಿಗಿ ನೀ ಹೇಳಿದ ನಂಬರ್ ಹಾಕ್ತೀನಿ. ಆಮ್ಯಾಲ ಕೇಬಲ್ ನೀಲಿ ತೂತಿನಿಂದ ಹಳದೀಗಿ. ಹೌದಿಲ್ಲೋ?"

"ಹೌದು. ಅವಸರ ಮಾಡಬ್ಯಾಡ."

"ರುಕ್ಮವ್ವಾಯಿ ಮಾತಾಡವಲ್ಲಳು, ಅಕ್ಕಾ. ಮಾರಿ ಮ್ಯಾಲ ಒದ್ದಿ ಅರಿವಿ ಹಾಕೀವಿ."

ಆಮೇಲೆ ದನಿ ನಿಂತಿತು.

ತಾಯಿಗಣಿಯಲ್ಲಿದ್ದ ಆ ಮುದುಕಿ ರುಕ್ಮವ್ವನ ಮಗ ದೇವೀಂದ್ರ ನನ್ನ ಬೆನ್ನ ಹಿಂದೆಯೇ ನಿಂತಿದ್ದ. ಕಂಬಳಿಯನ್ನು ನೀರಲ್ಲಿ ಅದ್ದಿ ಹೊದ್ದುಕೊಂಡು ಬಾಗಿಲ ಕಡೆ ನಡೆದ. "ಬಿಡ್ರಿ, ಇನ್ನೂರು ಹೆಜ್ಜಿ ಓಡ್ತೀನಿ. ನಮ್ಮವ್ವ ಅದಾಳ ಅಲ್ಲಿ," ಎಂದ. ನಾಲ್ಕು ಜನ ಹಿಡಿದುಕೊಂಡರು. ಹೋದ ವರ್ಷ ಹಾಗೆ ಓಡಿದವನನ್ನು ಸಂಜೆ ಬಯಲಿನಿಂದ ಎತ್ತಿಕೊಂಡು ಬಂದಿದ್ದೆವು. ಅವನು ಓಡಿ ಅಲ್ಲಿಗೆ ಮುಟ್ಟಿದರೂ ಆ ಬಾಗಿಲು ತೆರೆದರೆ ಒಳಗಿನವರ ಪಾಡೇನು? ಅವನು ಬಾಗಿಲಿಗೆ ತಲೆಯಿಟ್ಟು ಕೂತ.

ಐದು ನಿಮಿಷವಾಯಿತು. ಹತ್ತಾಯಿತು. ಪರದೆಯ ಮೇಲೆ ಹೊಸದೊಂದು ಚುಕ್ಕೆ ಹಸಿರಾಯಿತು: ಡಬ್ಬಿ ನಮ್ಮ ಸಾಲಿಗೆ ಬಂದಿತ್ತು, ಕಸ್ತೂರಿ ಎಲ್ಲವನ್ನೂ ಸರಿಯಾಗಿಯೇ ಮಾಡಿದ್ದಳು. ಆದರೆ ಫ್ಯಾನುಗಳ ಆರು ಚುಕ್ಕೆಗಳೂ ಕೆಂಪಾಗಿಯೇ ಇದ್ದವು. ಆಗ ನೆನಪಾಯಿತು. ಫ್ಯಾನುಗಳ ಹತ್ತಿರ ಇನ್ನೂ ಡಬ್ಬಿ ಹಂಚಿದ್ದ ಹಳೆಯ ವಿಳಾಸವೇ ಇದೆ. ಅವನ್ನು ಒಮ್ಮೆ ಆರಿಸಿ ಹಚ್ಚಿದರೆ ಮಾತ್ರ ಮೇಟಿಯ ಹತ್ತಿರ ಹೊಸ ವಿಳಾಸ ಕೇಳುತ್ತವೆ. ಅದನ್ನು ನಾನು ಹೇಳಿರಲಿಲ್ಲ. ಹೇಳಲು ದಾರಿಯೂ ಇರಲಿಲ್ಲ, ಏಕೆಂದರೆ ಅವಳ ಮಾತುಹಲಗೆಯದೂ ಅದೇ ಗತಿ. ಅಷ್ಟು ಹತ್ತಿರ ಇದ್ದೂ, ಇಡೀ ದಾರಿ ತೆರೆದಿದ್ದೂ, ಒಂದು ಮಾತು ಕಳಿಸಲಾಗದೆ ಕೂತಿದ್ದೆ. ನಾನು ಹಲಗೆಯನ್ನು ಎರಡೂ ಕೈಯಲ್ಲಿ ಹಿಡಿದು "ಆರಿಸು, ಕಸ್ತೂರಿ, ಆರಿಸಿ ಹಚ್ಚು" ಎಂದು ಸುಮ್ಮನೆ ಕೂಗುತ್ತಿದ್ದೆನಂತೆ. ನನಗೆ ಅದರ ನೆನಪಿಲ್ಲ.

ಹತ್ತೊಂಬತ್ತನೆಯ ನಿಮಿಷಕ್ಕೆ ಅವಳ ದನಿ ಬಂತು. ಹಲಗೆ ಮಾತಾಡದ್ದರಿಂದ ಸಿಟ್ಟು ಬಂದು ಆರಿಸಿ ಹಚ್ಚಿದ್ದಳಂತೆ, ಅಷ್ಟೇ. ಫ್ಯಾನುಗಳಿಗೂ ಹಾಗೇ ಮಾಡು ಎಂದು ನಾನು ಹೇಳಿದೆ. ಒಂದೊಂದೇ ಫ್ಯಾನನ್ನು ಆರಿಸಿ ಹಚ್ಚಿದಳು. ಒಂದೊಂದೇ ಚುಕ್ಕೆ ಹಸಿರಾಯಿತು. ಆರನೆಯದು ತಿರುಗುವ ಸದ್ದು ಕೇಳಿದಾಗ ನಮ್ಮ ಗಣಿಯಲ್ಲಿ ಜನ ಅತ್ತರು.

ಐದಕ್ಕೆ ಬಾಗಿಲು ತೆರೆದು ಎಲ್ಲರೂ ಓಡಿದೆವು. ಮೂವತ್ತು ಜನ ನಡೆದೋ, ಯಾರದೋ ತೋಳಿನಲ್ಲೋ ಹೊರಗೆ ಬಂದರು. ಕೂಸು ನಿದ್ದೆ ಮಾಡುತ್ತಿತ್ತು. ರುಕ್ಮವ್ವ ಬರಲಿಲ್ಲ. ಫ್ಯಾನು ತಿರುಗಲು ಶುರುವಾಗುವ ಸ್ವಲ್ಪ ಮುಂಚೆ ಹೋಗಿಬಿಟ್ಟಿದ್ದಳು. ಅವಳ ಮುಖದ ಮೇಲಿನ ಬಟ್ಟೆ ಇನ್ನೂ ಒದ್ದೆಯಾಗಿತ್ತು.

ಹಳೆಯ ಡಬ್ಬಿ ಕೈಕೊಟ್ಟಿತು, ಜಗದೇವಿ ಕಾಪಾಡಿದಳು ಎಂದೇ ಎಲ್ಲರೂ ಹೇಳುತ್ತಿದ್ದಾರೆ. ನಿಜ ಗೊತ್ತಿರುವುದು ನನಗೂ ಕಸ್ತೂರಿಗೂ ಮಾತ್ರ. ಅವಳು ನಿನ್ನೆ ಕೂಸಿಗೆ ಹಾಲುಣಿಸುತ್ತಾ, ನನ್ನ ಮುಖ ನೋಡದೆ ಕೇಳಿದಳು: "ಕೇಬಲ್ ನೀಲಿ ತೂತಿನಾಗ ಮೊದ್ಲೇ ಇತ್ತಲ್ಲಕ್ಕಾ. ಹಾಕಿದಾಕಿ ನೀನೇ ಹೌದಿಲ್ಲೋ?" ನಾನು ಹೌದು ಎಂದೆ. ಕೂಸನ್ನು ನನ್ನ ತೊಡೆಗೆ ಕೊಡುವವಳು ನಿನ್ನೆ ಕೊಡಲಿಲ್ಲ.

ಇವತ್ತು ಬೆಳಿಗ್ಗೆ ದೇವೀಂದ್ರ ಬಂದು ನನ್ನ ಕಾಲು ಮುಟ್ಟಿದ. "ಉಳಿದವ್ರನ್ನರೆ ಉಳಿಸಿದ್ರಿ, ಅಕ್ಕೋರೆ," ಎಂದ. ಕಾಲು ಹಿಂದಕ್ಕೆಳೆದುಕೊಳ್ಳುವ ಧೈರ್ಯವೂ ನನಗೆ ಬರಲಿಲ್ಲ. ಅವನಿಗೆ ನಿಜ ಹೇಳಿದರೆ ಈ ಗಣಿಯಲ್ಲಿ ಯಾರೂ ನನ್ನ ಕೈಯಿಂದ ನೀರು ಕುಡಿಯಲಿಕ್ಕಿಲ್ಲ. ಹೇಳದಿದ್ದರೆ ಮುಂದಿನ ಸಲವೂ ನನ್ನಂಥವಳೊಬ್ಬಳು ಗಂಟೆಗೆ ಹೆದರಿ, ಅರ್ಧ ಕೆಲಸ ಮಾಡಿ, ಒಂದು ಕಡೆಯ ದನಿ ಕೇಳಿ ಸಾಕೆಂದು ಎದ್ದು ಬರುತ್ತಾಳೆ.

ನಿಮ್ಮಲ್ಲಿ ಒಂದೇ ಕೋರಿಕೆ. ನೀವು ಕಟ್ಟುವ ಯಂತ್ರ ಯಾವುದೇ ಇರಲಿ, ಅದು ಯಾರ ಮಾತನ್ನೂ ಕೇಳದೆ ಕೂತಾಗ ಮನುಷ್ಯರ ಕೈಯಿಂದ ತಿರುಗಿಸಲು ಒಂದು ಹಿಡಿಕೆ ಇಡಿ. ನಿಮ್ಮಿಂದ ನಮಗೆ ಬಂದ ಫ್ಯಾನುಗಳಿಗೆ ಅದಿರಲಿಲ್ಲ. ಇದನ್ನು ದೂರು ಎಂದು ತಿಳಿಯಬೇಡಿ, ತಪ್ಪು ನನ್ನದೇ.

ದೇವೀಂದ್ರನಿಗೆ ಹೇಳುವ ಮೊದಲು ನಿಮಗೊಮ್ಮೆ ಹೇಳಿ ನೋಡಿದೆ, ಬಾಯಲ್ಲಿ ಮಾತು ಹೊರಡುತ್ತದೋ ಇಲ್ಲವೋ ಎಂದು. ಹೊರಟಿತು. ಈಗ ಎದ್ದು ಅವನ ಮನೆಗೆ ಹೋಗುತ್ತೇನೆ.

ಜಗದೇವಿ