ವ್ರತವಲ್ಲದ ಉಪವಾಸ

೧೬-೧೦-೨೦೧೨, ಮಂಗಳವಾರ. ಜುಗೂಳ.

ನನ್ನ ಹಿಮೋಗ್ಲೋಬಿನ್ ಎಂಟಕ್ಕೆ ಇಳಿದಿದೆ. ಸಂಜೆ ವರದಿ ತಂದು ತಿಳಿಸಿದವಳು ನರ್ಸ್ ಸಾರಿಕಾ. “ಕಾಕಾ, ಪೇಶಂಟ್ ಯಾರ್ರಿ, ನೀವೋ ಕಾಕೂನೋ?” ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ನಿನ್ನೆ ಹೆಂಡತಿ ಕುಸುಮಳನ್ನು ಹಾಸಿಗೆಯಿಂದ ಎತ್ತಿ ಕುರ್ಚಿಯಲ್ಲಿ ಕೂಡ್ರಿಸುವಾಗ ನನಗೆ ಕಣ್ಣಿಗೆ ಕತ್ತಲೆ ಬಂತು. ಇಬ್ಬರೂ ಗೋಡೆಗೆ ಒರಗಿದೆವು. ಅವಳು ಬೀಳಲಿಲ್ಲ, ಅಷ್ಟೇ. ರಕ್ತ ಪರೀಕ್ಷೆ ಅದಕ್ಕಾಗಿ.

ಅವಳಿಗೆ ಲಕ್ವಾ ಹೊಡೆದು ಐದು ತಿಂಗಳು. ಉಣಿಸಿ, ಮೈ ಒರೆಸಿ, ಮಲಗಿಸುವಷ್ಟರಲ್ಲಿ ಹೊತ್ತು ಮುಳುಗಿರುತ್ತದೆ. ನಾವು ಜೈನರು, ಹೊತ್ತು ಮುಳುಗಿದ ಮೇಲೆ ನಮ್ಮ ಮನೆಯಲ್ಲಿ ಉಣ್ಣುವುದಿಲ್ಲ. ಹಾಗಾಗಿ ನನಗೆ ದಿನಕ್ಕೆ ಒಂದೇ ಊಟವಾಯಿತು. ಶ್ರಾವಣದಲ್ಲಿ ಊರ ಹಿರಿಯ ಭೂಪಾಲಣ್ಣ ಬಸದಿಯಲ್ಲಿ ಎಲ್ಲರೆದುರು, “ಹೆಂಡತಿ ಸಲುವಾಗಿ ಏಕಾಶನ ವ್ರತ ಹಿಡದಾರ್ರಿ” ಎಂದು ಹೊಗಳಿದರು. ಅಲ್ಲ ಎನ್ನಬೇಕಿತ್ತು. ನಾನು ಕೈ ಮುಗಿದೆ. ಆಮೇಲೆ ಬೇಗ ಕೆಲಸ ಮುಗಿದ ದಿನವೂ ಸಂಜೆ ಉಣ್ಣಲಿಲ್ಲ, ಯಾರಾದರೂ ನೋಡುತ್ತಾರೆಂದು. ಇದನ್ನು ಇಲ್ಲಿ ಬರೆಯಲೂ ನಾಚಿಕೆಯಾಗುತ್ತದೆ.

ಇವತ್ತು ಕುಸುಮಳಿಗೆ ಎಲ್ಲ ಹೇಳಿದೆ. ಅವಳು ತೊದಲುತ್ತ, “ನಿಮಗ ಧರ್ಮಾತ್ಮ ಅಂತಾರ. ನನಗೇನಂತಾರ? ಗಂಡನ್ನ ಉಪಾಸ ಕೆಡವಿದಾಕಿ ಅಂತಾರ” ಎಂದಳು.

ಐದು ತಿಂಗಳಲ್ಲಿ ಈ ಮಾತು ನನಗೆ ಒಮ್ಮೆಯೂ ಹೊಳೆದಿರಲಿಲ್ಲ. ಅವಳನ್ನು ನೋಡಿಕೊಳ್ಳುತ್ತಿದ್ದೇನೆ ಎಂದುಕೊಂಡಿದ್ದೆ.

ನಾಳೆ ಸಂಜೆ ಐದಕ್ಕೆ ನಾದಿನಿ ಸ್ನೇಹಲ ಬಂದು ಅವಳ ಹತ್ತಿರ ಕೂಡ್ರುತ್ತಾಳೆ. ಐದೂವರೆಗೆ, ಮುಂಬಾಗಿಲು ತೆರೆದಿಟ್ಟು, ನಾನು ಊಟಕ್ಕೆ ಕೂಡ್ರುವುದು.