ಲೊಕ್ತಾಕ್‌ನಲ್ಲಿ ಕೂಗಿದ ಹೆಸರು

ಜನವರಿ ೪, ಬೆಳಿಗ್ಗೆ ಎಂಟು

ಚಹಾ, ಎರಡು ಬಿಪಿ ಮಾತ್ರೆ, ಮೆತ್ತಗಾದ ಬಿಸ್ಕೆಟ್. ಮೊನ್ನೆಯ ಪಿಕ್‌ನಿಕ್ ಬಟ್ಟೆ ಇನ್ನೂ ಒಣಗಿಲ್ಲ, ಪಾಚಿಯ ವಾಸನೆ. ಹೊಸ ವರ್ಷ ಅಂತ ಮಗ ನಬಚಂದ್ರ ಎಲ್ಲರನ್ನೂ ಕೈಬುಲ್ ಪಾರ್ಕಿಗೆ ಕರೆದೊಯ್ದಿದ್ದ. ಲೊಕ್ತಾಕ್ ಸರೋವರದಲ್ಲಿ ದೋಣಿ ಸುತ್ತಾಟ, ಜಿಂಕೆ, ತೇಲುವ ಹುಲ್ಲುನೆಲದ ಮೇಲೆ ಫೋಟೋ. ಮೊಮ್ಮಗಳು ಲಿಂಥೊಯ್ ಹುಲ್ಲು ತೆಳ್ಳಗಿದ್ದ ಕಡೆ ಕಾಲಿಟ್ಟಳು. ತಲೆತನಕ ಮುಳುಗಿದಳು. ದೋಣಿ ನಡೆಸುವ ಮಣಿಹಾರ್, ನನ್ನ ಹಳೆಯ ವಿದ್ಯಾರ್ಥಿ, ಜುಟ್ಟು ಹಿಡಿದು ಎಳೆದ. ಒಂದು ನಿಮಿಷವೂ ಆಗಿರಲಿಲ್ಲ.

ಅಂದಿನಿಂದ ಮಾತಿಲ್ಲ. ಅನ್ನ ಇಟ್ಟರೆ ನೋಡುತ್ತಾಳೆ, ಅಷ್ಟೆ. ಏಳು ವರ್ಷದ ಮಗು. ಡಾಕ್ಟರು ಶಾಕ್ ಎಂದರು, ಹೋಗುತ್ತಂತೆ.

ಜನವರಿ ೯

ಹೋಗಿಲ್ಲ. ಸೊಸೆ ಬೀನಾ ಇಂದು ಅತ್ತಳು; ನನ್ನನ್ನು ಪಾಬುಂಗ್, ಅಪ್ಪ, ಎಂದೇ ಕರೆಯುತ್ತಾಳೆ. "ಅವಳ ಜೀವ ಅಲ್ಲೇ ಉಳ್ಕೊಂಡಿದೆ, ಪಾಬುಂಗ್. ಹೋಗಿ ಕೂಗಿ ಕರ್ಕೊಂಡು ಬನ್ನಿ. ಮನೆ ಹಿರಿಯರೇ ಕೂಗ್ಬೇಕು."

ಬೆಚ್ಚಿದ ಜಾಗಕ್ಕೆ ಹೋಗಿ ಹೆಸರು ಹಿಡಿದು ಕೂಗುವುದು, ಹಿಂತಿರುಗಿ ನೋಡದೆ ಮನೆಗೆ ಬರುವುದು — ಇದೆಲ್ಲ ನನ್ನ ಹೆಂಡತಿ ಮೇಮ್ಚಾಳ ಕೆಲಸವಾಗಿತ್ತು. ಅವಳು ತೀರಿಕೊಂಡು ಎರಡು ವರ್ಷ. ನಬ ಚಿಕ್ಕವನಿದ್ದಾಗ ಬಿದ್ದು ಬೆಚ್ಚಿದಾಗೆಲ್ಲ ಅವಳೇ ಕೂಗುತ್ತಿದ್ದಳು, ನಾನು ಪೇಪರ್ ಹಿಂದೆ ನಗುತ್ತಿದ್ದೆ. ಮೂವತ್ತು ವರ್ಷ ಸೈನ್ಸ್ ಕಲಿಸಿದ ಓಜಾ, ಮೇಷ್ಟ್ರು ನಾನು. ಸೈಂಟಿಫಿಕ್ ಟೆಂಪರ್... ಟೆಂಪರೋ ಟೆಂಪರಮೆಂಟೋ, ಮರೆತಿದೆ.

ಜನವರಿ ೧೦, ಮಧ್ಯಾಹ್ನ

ಹೋಗಿ ಬಂದೆ. ಮಡಿಲಲ್ಲಿ ಮಗುವಿನ ಫ್ರಾಕು. ಮಣಿಹಾರ್ ದೋಣಿ ನಿಲ್ಲಿಸಿದ. "ಇಲ್ಲೇ, ಓಜಾ. ಕ್ಲಾಸಲ್ಲಿ ನನ್ನ ಮೇಲೆ ಕೂಗ್ತಿದ್ರಲ್ಲ, ಹಂಗೆ ಕೂಗಿ. ಜಿಂಕೆ ಓಡಿದ್ರೆ ಓಡ್ಲಿ."

ಬಾಯಿ ತೆರೆದೆ. "ಬಾ ಮೇಮ್ಚಾ, ಮನೆಗೆ ಹೋಗೋಣ" ಎಂದುಬಿಟ್ಟೆ. ನಲವತ್ತೊಂದು ವರ್ಷದ ಅಭ್ಯಾಸ. ತಕ್ಷಣ ಲಿಂಥೊಯ್ ಎಂದು ತಿದ್ದಿಕೊಂಡೆ. ಸ್ಲಿಪ್ ಆಫ್ ಟಂಗ್. ಆದರೆ ದೋಣಿ ಆಗಲೇ ಒಂದು ಮಗ್ಗುಲಿಗೆ ವಾಲಿತ್ತು — ಯಾರೋ ಹತ್ತಿದ ಹಾಗೆ. ಮಣಿಹಾರ್ ನನ್ನ ಮುಖ ನೋಡಲಿಲ್ಲ. ನಾನು ಹಿಂದೆ ನೋಡಲಿಲ್ಲ.

ಬಾಗಿಲಲ್ಲಿ ಬೀನಾ ಪದ್ಧತಿಯಂತೆ ಕೇಳಿದಳು, "ಬಂದ್ಯಾ?"

ಒಳಗೆ ಹಾಸಿಗೆಯಿಂದ ಮಗು "ಬಂದೆ" ಎಂದಿತು. ಎಂಟು ದಿನದ ಮೇಲೆ ಮೊದಲ ಮಾತು. ಎಲ್ಲರೂ ಅತ್ತೆವು.

ಜನವರಿ ೧೩

ಚೆನ್ನಾಗಿ ಉಣ್ಣುತ್ತಾಳೆ. ನನ್ನ ತಟ್ಟೆಯ ಮೀನಿನ ಮುಳ್ಳು ಬಿಡಿಸಿಟ್ಟಳು, ಕೇಳದೆಯೇ. ಎರಡು ವರ್ಷದಿಂದ ಅರ್ಧಕ್ಕೆ ನಿಂತಿದ್ದ ಮಗ್ಗಕ್ಕೆ ಕೂತು ನಾಲ್ಕು ಬೆರಳಗಲ ನೇಯ್ದಳು. ಅಂಚು ಎಲ್ಲೂ ತಪ್ಪಿಲ್ಲ. "ಅಜ್ಜಿ ಕೈ ಬಂದಿದೆ" ಎಂದು ಬೀನಾ ಹಿಗ್ಗಿದಳು.

ಬೀನಾ ಅತ್ತ ಹೋದದ್ದೇ ತಡ ನನ್ನ ಕಡೆ ತಿರುಗಿ — "ನಬನ ಅಪ್ಪಾ, ಹಿಂಗಾ ಸೊರಗೋದು? ಎರಡು ವರ್ಷ ನಾನಿಲ್ಲ ಅಂದ್ರೆ ಕಾಲರ್ ಒಗೆಯೋರೂ ಇಲ್ವಾ?"

ನನ್ನನ್ನು ಹಾಗೆ ಕರೆಯುತ್ತಿದ್ದವಳು ಒಬ್ಬಳೇ.

ಜನವರಿ ೨೧

ಇಷ್ಟು ದಿನ ಬರೆಯಲಿಲ್ಲ. ಸುಖವಾಗಿದ್ದೆ. ಹಾಗೆಂದು ಬರೆಯಲು ನಾಚಿಕೆ. ಅವಳೊಂದಿಗೆ ಚಹಾ. ಹಳೆಯ ಜಗಳಗಳನ್ನೆಲ್ಲ ಮತ್ತೆ ಆಡಿದೆವು, ಎಲ್ಲದರಲ್ಲೂ ಸೋತೆ.

ಇಂದು ಸಂತೆಯಲ್ಲಿ ಮಣಿಹಾರ್ ಸಿಕ್ಕ. "ಆ ಜಾಗದಲ್ಲಿ ಯಾರೂ ಬಲೆ ಹಾಕ್ತಿಲ್ಲ, ಓಜಾ. ಹುಲ್ಲಿನ ಅಡಿಯಿಂದ ಮಗು ಕೂಗ್ತದೆ. ಪುಪು, ಪುಪು ಅಂತ. ಟೂರಿಸ್ಟ್‌ಗಳು ಹಕ್ಕಿ ಅಂದ್ಕೊಂಡು ರೆಕಾರ್ಡ್ ಮಾಡ್ಕೋತಾರೆ." ಬುಟ್ಟಿ ಎತ್ತಿಕೊಳ್ಳುತ್ತಾ, "ದಿನಾ ದನಿ ಸಣ್ಣಗಾಗ್ತಿದೆ" ಎಂದ.

ಲಿಂಥೊಯ್ ನನ್ನನ್ನು ಕರೆಯುವುದು ಪುಪು ಎಂದು. ಅಜ್ಜ ಎಂದು. ಹನ್ನೊಂದು ದಿನದಿಂದ ಮನೆಯಲ್ಲಿ ಯಾರೂ ಹಾಗೆ ಕರೆದಿಲ್ಲ. ನಾನು ಗಮನಿಸಿರಲೂ ಇಲ್ಲ.

ಜನವರಿ ೨೨, ಬೆಳಿಗ್ಗೆ ಹತ್ತು, ದೋಣಿಯಲ್ಲಿ

ಜಿಂಕೆ ತೋರಿಸುತ್ತೇನೆ ಎಂದು ಬೀನಾಗೆ ಹೇಳಿ ಮಗುವನ್ನು ಕರೆತಂದೆ. ಜಾಗ ತಲುಪಿದ್ದೇವೆ. ಮಣಿಹಾರ್ ಬೆನ್ನು ತಿರುಗಿಸಿ ಕೂತಿದ್ದಾನೆ. ನೀರಿನಡಿಯಿಂದ ಕೇಳುತ್ತಿದೆ. ತೀರಾ ಸಣ್ಣಗೆ. ಹಕ್ಕಿಯಲ್ಲ.

ಅವಳು ನನ್ನ ಎಡಗೈ ಹಿಡಿದು ಕೂತಿದ್ದಾಳೆ. "ಈಗೇನು ಬರೀತಿದೀರಿ? ಕೂಗಿ. ಮಗೂಗೆ ಚಳಿ."

ನೀನು? ಎಂದೆ.

"ಅಲ್ಲಿ ನಿಮ್ಮ ಇಂಗ್ಲಿಷ್ ಕೇಳದೆ ಹಾಯಾಗಿದ್ದೆ. ಕೂಗಿ."

ಕೂಗುತ್ತೇನೆ. ಲಿಂಥೊಯ್ ಎಂದು, ಬೇರೇನೂ ಅಲ್ಲ. ಒಂದೇ ನಿಮಿಷ ಹೀಗೇ ಇದ್ದು... ಆಮೇಲೆ ಕೈ ಬಿಡಿಸಿಕೊಂಡು —