ತಲೆಸಮೇತ ಬಂದ ಕೋಳಿ

ಪ್ರೀತಿಯ ಪೇಯುನ್,

ನಿನ್ನ ಅಮ್ಮ ಬೀಲಾನಳ ಮಂಡಿನೋವು ಹೇಗಿದೆ? ನಿನ್ನ ಮಗು ಶಾವ್‌ಮೀಗೆ ಕೆಮ್ಮು ಇಳಿಯಿತೇ? ಪಿಂಗ್‌ತುಂಗಿನ ಬಿಸಿಲು ನಿನಗೆ ಒಗ್ಗಿರಬೇಕು. ಇಲ್ಲಿ ಶಿನ್‌ಚುವಿನಲ್ಲಿ ನಿನ್ನ ದೊಡ್ಡಮ್ಮ ಕ್ಷೇಮ. ಚೆಂಗ್‌ಯೆ ಮಾತ್ರ ಕ್ಷೇಮವಾಗಿಲ್ಲ. ಅವನು ನನ್ನ ಮಗನೇ ಆದರೂ ಇದನ್ನು ಮುಚ್ಚಿಡದೆ ಬರೆಯುತ್ತಿದ್ದೇನೆ. ನೀನು ನಮ್ಮ ಯಾರ ಫೋನನ್ನೂ ಎತ್ತುವುದಿಲ್ಲ, ಅದಕ್ಕೇ ಈ ಕಾಗದ.

ಹಡಗುಕಟ್ಟೆಯಲ್ಲಿ ನಮ್ಮ ಕಂಪನಿಯ ಗಿರಾಕಿಯ ಯಂತ್ರಗಳು ಮತ್ತೆ ಕಲ್ಲಾಗಿ ನಿಂತಿವೆ. ನೀನು ಹೇಳಿದ್ದೇ ಆಯಿತು. ಒಂದು ದೊಡ್ಡ ಗಣಕದೊಳಗೆ ನಾವು ನಡೆಸುವ ಸೋಗಿನ ಗಣಕಗಳಿಗೆಲ್ಲ ತಮಗೊಬ್ಬ ಬಾಗಿಲು ಕಾಯುವವನಿದ್ದಾನೆಂಬ ನಂಬಿಕೆ. ಡಿಸ್ಕೋ ನೆಟ್‌ವರ್ಕೋ ಕರೆದಾಗ ಅವನು ಬಂದು ಆ ಗಣಕದ ಭುಜ ತಟ್ಟಬೇಕು. ಅವನು ನಿಜಕ್ಕೂ ಇಲ್ಲ. ಅವನ ವೇಷವನ್ನು ನಮ್ಮ ಪ್ರೋಗ್ರಾಮೇ ಕಟ್ಟುತ್ತದೆ. ಒಳಗಿನ ಗಣಕ ‘ನೋಡಿಕೊಂಡೆ’ ಎಂದ ಮೇಲೂ, ಕರೆದವನ ಕೈ ಇನ್ನೂ ಗಂಟೆಯ ಮೇಲಿದೆಯೇ ಎಂದು ಮತ್ತೊಮ್ಮೆ ಇಣುಕಬೇಕು. ಇದ್ದರೆ ಮತ್ತೆ ತಟ್ಟಬೇಕು, ತಟ್ಟದಿದ್ದರೆ ಆ ಕರೆ ಕೇಳದೆ ಗಣಕ ಕಾಯುತ್ತಲೇ ನಿಂತುಬಿಡುತ್ತದೆ. ವೇಗ ಹೆಚ್ಚಲೆಂದು, ಈಗ ನನ್ನ ಕುರ್ಚಿಯಲ್ಲಿ ಯಜಮಾನನಾಗಿ ಕೂತಿರುವ ಚೆಂಗ್‌ಯೆ ಆ ಇಣುಕುವುದನ್ನೇ ಕಿತ್ತುಹಾಕಿದ. ನೀನು ಬೇಡವೆಂದಾಗ ಸಭೆಯಲ್ಲಿ ಅವನು ಹೇಳಿದ್ದು ನೆನಪಿರಬೇಕು: “ಒಂದ್ಸಲ ಬಾಗ್ಲು ತೆಗ್ದಾಯ್ತಲ್ಲ ತಂಗೀ, ದಿನವಿಡೀ ಹೊಸ್ಲಲ್ಲೇ ಕೂರೋಕೆ ನಾವೇನು ಮುದುಕೀರಾ?” ಯಂತ್ರಗಳು ನಿಂತಾಗ ತಪ್ಪನ್ನು ನಿನ್ನ ತಲೆಗೇ ಕಟ್ಟಿದ.

ಆಮೇಲೆ ಆ ವರ್ಷಾಂತ್ಯದ ಊಟ. ಹಿಂದೆ ಯಜಮಾನರು ಯಾರನ್ನು ಕೆಲಸದಿಂದ ತೆಗೆಯಬೇಕೋ ಅವರ ಕಡೆಗೆ ಕೋಳಿಯ ತಲೆ ತಿರುಗಿಸಿಡುತ್ತಿದ್ದರು. ಈಗ ಆ ಸಂಕಟವೇ ಬೇಡವೆಂದು ಎಲ್ಲರೂ ತಲೆ ಕತ್ತರಿಸಿಯೇ ತರಿಸುತ್ತಾರೆ. ಇವನು ತಲೆಸಮೇತ ಬೇಕೆಂದು ಮೊದಲೇ ಹೇಳಿಟ್ಟಿದ್ದನಂತೆ, ತಟ್ಟೆಯನ್ನು ತಾನೇ ನಿನ್ನ ಕಡೆಗೆ ತಿರುಗಿಸಿದನಂತೆ. ಜ್ವರದಲ್ಲಿ ಮಲಗಿದ್ದ ನನಗೆ ಅಡುಗೆಯವನು ಬಂದು ಹೇಳಿದ. ಮೇಜಿನವರೆಲ್ಲ ನಕ್ಕರಂತೆ. ನೀನು ಅನ್ನ ಮುಗಿಸಿಯೇ ಎದ್ದೆಯಂತೆ. ನನ್ನ ತಮ್ಮನ ಮಗಳು ನೀನು, ಚೆಂಗ್‌ಯೆಯ ಜೊತೆ ಒಂದೇ ತಟ್ಟೆಯಲ್ಲಿ ಉಂಡು ಬೆಳೆದವಳು.

ಕಿತ್ತದ್ದನ್ನು ಮರಳಿ ಹಾಕಿದರೆ ಯಂತ್ರ ಎದ್ದೀತು, ಆದರೆ ವೇಗ ಕುಸಿಯುತ್ತದೆ. ಆ ವೇಗ ತೋರಿಸಿಯೇ ಅವನು ಗಿರಾಕಿಯನ್ನು ಹಿಡಿದದ್ದು. ಎರಡನ್ನೂ ಉಳಿಸುವ ದಾರಿ ಹೊಳೆದಿರುವುದು ನಿನಗೊಬ್ಬಳಿಗೇ. ನಿನ್ನೆ ಬಂದು ನನ್ನೆದುರು ಕೂತ. “ಅಪ್ಪಾ, ನೀವು ಹೇಳಿದ್ರೆ ಕೇಳ್ತಾಳೆ. ಒಂದ್ಮಾತು ಬರೀರಿ.” ನೀನೇ ಹೋಗಿ ಕೇಳು ಎಂದೆ. “ಯಜಮಾನ ಅಂತ ನಂಗೂ ಒಂದು ಮುಖ ಇದೆಯಲ್ಲಪ್ಪಾ.”

“ಆ ಮುಖಾನೇ ಯಂತ್ರಕ್ಕೆ ತೋರ್ಸು, ಎದ್ದು ಓಡುತ್ತೆ” ಎಂದೆ.

ಅವನು ಅತ್ತುಬಿಟ್ಟ. ನಾನು ಸೀಬೆಹಣ್ಣು ಹೆಚ್ಚಿಕೊಂಡು ತಿಂದೆ. ಅವನಿಗೆ ಕೊಡಲಿಲ್ಲ.

ನಿನಗೆ ಹೊಳೆದ ದಾರಿಯನ್ನು ನೀನೂ ಕೊಡಬೇಡ, ಮಗಳೇ. ಕಂಪನಿ ಮುಳುಗಿದರೆ ಅಂದು ನಕ್ಕವರ ಅನ್ನವೂ ಹೋಗುತ್ತದೆ, ಅವರಿಗೂ ಮಕ್ಕಳಿದ್ದಾರೆ. ಗೊತ್ತಿದ್ದೇ ಬರೆಯುತ್ತಿದ್ದೇನೆ. ರೇಡಿಯೋ ರಿಪೇರಿ ಮಾಡುತ್ತ, ನಾನಾಗಿಯೇ ಕಲಿತು ಆ ಕಂಪನಿ ಕಟ್ಟಿದವನು ನಾನು. ಅದು ಮುಳುಗುವುದನ್ನು ಕೂತು ನೋಡುವ ಹಕ್ಕೂ ನನಗಿದೆ. ಆದರೆ ಆ ವಿದ್ಯೆ ನಿನ್ನದು. ನನ್ನ ಮಾತನ್ನೂ ನೀನು ಕೇಳಬೇಕಾಗಿಲ್ಲ.

ಎಲ್ಲಿದ್ದರೂ ತಲೆಯೆತ್ತಿ ಬಾಳು, ನಿನ್ನ ಮಗು ನೂರು ವರ್ಷ ಬಾಳಲಿ. ಪತ್ರ ಬರೆದೆನೆಂದಷ್ಟೇ ಅವನಿಗೆ ಹೇಳುತ್ತೇನೆ, ಏನು ಬರೆದೆನೆಂದು ಹೇಳುವುದಿಲ್ಲ. ಬೇಗ ಉತ್ತರ ಬರೆ, ನನ್ನ ಹೆಸರಿಗೇ ಬರೆ. ನಾನು ನಿಧಾನವಾಗಿ ಓದಿ ಮುಗಿಸುವವರೆಗೆ ಅವನು ಎದುರಿಗೆ ನಿಂತಿರಲಿ.

ನಿನ್ನ ದೊಡ್ಡಪ್ಪ,
ಝೆನ್‌ಫು